ದಣಿವು ಎಂಬ ಪದಕ್ಕೆ ಆಧಾರ

ಚೀಟಿ ಅಕ್ಕನಿಗೆ ಆ ಹೆಸರು ಬಂದದ್ದು ಅವರ ಕೆಲಸದಿಂದ. ಅಂಗೈಯಗಲದ ಒಂದು ಚೀಟಿ. ತಲೆಯಲ್ಲಿ ಒಂದು ಪದ, ಅದರ ಕೆಳಗೆ ಆ ಪದ ಬಂದಿರುವ ವಾಕ್ಯ, ಮೂಲೆಯಲ್ಲಿ ಪತ್ರಿಕೆಯ ಹೆಸರು, ತಾರೀಖು. ಹಳೆಯ ಪತ್ರಿಕೆಗಳನ್ನು ಓದುತ್ತ ಇಂಥ ಚೀಟಿಗಳನ್ನು ಬರೆಯುವುದೇ ಅವರ ನೌಕರಿ. ಮದುವೆಯ ವಯಸ್ಸಿನಲ್ಲಿ ಕುರ್ಚಿಯ ಮೇಲೆ ಕೂತವರು ನಿವೃತ್ತಿಯ ವಯಸ್ಸು ಬಂದರೂ ಎದ್ದಿಲ್ಲ ಎಂದು ನಾನು ಅವರನ್ನು ಚುಡಾಯಿಸುತ್ತಿದ್ದೆ. ಅವರೂ ನಗುತ್ತಿದ್ದರು.

ನಮ್ಮದು ನಿಘಂಟು ಕಚೇರಿ. ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಮೂರು ಕೋಣೆ. ಎರಡನ್ನು ಪತ್ರಿಕೆಗಳ ದಪ್ಪ ಸಂಪುಟಗಳು ನುಂಗಿ ಹಾಕಿವೆ, ಉಳಿದ ಒಂದರಲ್ಲಿ ಮನುಷ್ಯರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿರುತ್ತೇವೆ. ನಮಗೆ ಒಂದೇ ಒಂದು ಕಟ್ಟುನಿಟ್ಟು. ಅಚ್ಚಾದ ಬರಹದಿಂದ ಮೂರು ವಾಕ್ಯಗಳಾದರೂ ಸಿಗದೆ ಯಾವ ಪದವೂ, ಪದದ ಯಾವ ಅರ್ಥವೂ ನಿಘಂಟಿನೊಳಗೆ ಕಾಲಿಡುವಂತಿಲ್ಲ. ಆ ವಾಕ್ಯಗಳನ್ನು ನಾವು ಆಧಾರ ಎನ್ನುತ್ತೇವೆ. ಈ ಆಧಾರದ ಹುಚ್ಚು ನಮ್ಮ ತಲೆಗೆ ಎಷ್ಟು ಹತ್ತಿದೆಯೆಂದರೆ, ಯಾರಾದರೂ "ಇವತ್ತು ಸೆಕೆ ಜಾಸ್ತಿ" ಎಂದರೆ ಸಾಕು, ಆ ಮೂಲೆಯಿಂದ ಇನ್ನೊಬ್ಬರು "ಆಧಾರ?" ಎಂದು ಕೂಗುತ್ತಾರೆ. ಹೊರಗಿನವರು ಕೇಳಿದರೆ ಇವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಂಡಾರು. ಪೂರ್ತಿ ಸುಳ್ಳೇನಲ್ಲ.

ನಾನು ಅಕ್ಕನ ಎದುರಿನ ಮೇಜಿನವಳು. ಅವರು ಬರೆದದ್ದನ್ನು ಕಂಪ್ಯೂಟರಿಗೆ ಟೈಪ್ ಮಾಡುವವಳು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯಲ್ಲಿ ನನಗೆ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದಾರೆ. ಇರಲಿ. ಎದುರಿಗೆ ಕೂತವರನ್ನು ವರ್ಷಗಟ್ಟಲೆ ನೋಡಿದರೆ ಅವರ ಮನೆಯವರಿಗೂ ಗೊತ್ತಿಲ್ಲದ ಸಂಗತಿಗಳು ಗೊತ್ತಾಗುತ್ತವೆ. ಅಕ್ಕ ಹಳೆಯ ಹಾಳೆಯನ್ನು ಬೆರಳಿನಿಂದ ತಿರುವುತ್ತಿರಲಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆಂದು ಸ್ಟೀಲಿನ ಸ್ಕೇಲನ್ನು ಅಡಿಗೆ ತೂರಿಸಿ ಎತ್ತಿ ಮಗುಚುತ್ತಿದ್ದರು. ಹಾಗಿದ್ದೂ ಸಂಜೆಯ ಹೊತ್ತಿಗೆ ಅವರ ತೋಳಿನ ಮೇಲೆಲ್ಲ ಕಂದು ಬಣ್ಣದ ಕಾಗದದ ಪುಡಿ. ಮಧ್ಯಾಹ್ನದ ನಂತರ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಕಣ್ಣು ಉರಿದರೆ ಎದ್ದು ಹೋಗಿ ಮುಖ ತೊಳೆದು ಬಂದು ಮತ್ತೆ ಕೂರುತ್ತಿದ್ದರು. ಮೇಜಿನ ಮೇಲೆ ತಲೆಯಿಟ್ಟದ್ದನ್ನು ಒಂದು ದಿನವೂ ಕಾಣೆ.

ಅಕ್ಕನ ಅಪ್ಪ ತೀರಿಕೊಂಡಾಗ ಅವರ ತಮ್ಮ ಇನ್ನೂ ಶಾಲೆಯಲ್ಲಿದ್ದ. ಅವನ ಓದು, ಅವನ ಕೆಲಸ, ಅವನ ಮದುವೆ ಎಂದು ಅಕ್ಕ ಸ್ವಂತ ಮದುವೆಯ ಸರದಿಯನ್ನು ಮುಂದೆ ಹಾಕುತ್ತ ಹೋದರು, ಕೊನೆಗೆ ಸರದಿ ಎಂಬುದೇ ಉಳಿಯಲಿಲ್ಲ. ತಮ್ಮ ಊರಿನ ಆಚೆ ತುದಿಯಲ್ಲಿ ಮನೆ ಕಟ್ಟಿಸಿ ಅಮ್ಮನನ್ನು ಕರೆದುಕೊಂಡು ಹೋದ. ಅಕ್ಕ ಸೈಕಲ್ ರಿಪೇರಿ ಅಂಗಡಿಯೊಂದರ ಮೇಲೆ ಒಂದು ಕೋಣೆ ಹಿಡಿದರು. ಒಂದು ಕಿಟಕಿ, ಒಂದು ಮಂಚ, ಮೂಲೆಯಲ್ಲಿ ಒಲೆ. ಅಮ್ಮ ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ತಮ್ಮನ ಮನೆಗೆ ಹೋಗಿ ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ವಾರದ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಹಾಕಿ, ಭಾನುವಾರ ಸಂಜೆ ವಾಪಸ್ಸು. ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಚೇರಿಯಲ್ಲಿ.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಆ ತಮ್ಮ ಕಚೇರಿಗೆ ಬಂದ. ಒಳ್ಳೆಯ ಅಂಗಿ ಹಾಕಿಕೊಂಡು, ಒಳ್ಳೆಯ ಮಾತಾಡುವ ಮನುಷ್ಯ. ಕೆಟ್ಟವನೆಂದು ಹೇಳಲು ನನಗೂ ಬಾಯಿ ಬರುವುದಿಲ್ಲ, ಬಂದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು.

"ಅಕ್ಕಾ, ಇನ್ನು ಆ ರೂಮಲ್ಲಿ ಒಬ್ಳೇ ಕೂತು ಏನ್ ಮಾಡ್ತೀಯ? ನಮ್ಮನೇಗೇ ಬಂದ್ಬಿಡು. ಅಮ್ಮನ್ನ ನೋಡ್ಕೊಂಡ ಹಾಗೂ ಆಗುತ್ತೆ, ನಿಂಗೂ ಹೊತ್ತು ಹೋಗುತ್ತೆ. ರೂಮ್ ಖಾಲಿ ಮಾಡ್ತೀನಿ ಅಂತ ಹೇಳ್ಬಿಡು. ಗಾಡಿ ನಾನು ತರ್ತೀನಿ."

ಅಕ್ಕ "ನೋಡೋಣ" ಎಂದರು. ತಮ್ಮ ಅದನ್ನು "ಆಯ್ತು" ಎಂದು ಕಿವಿಗೆ ಹಾಕಿಕೊಂಡು ಹೋದ.

ಅವನು ಮೆಟ್ಟಿಲಿಳಿದ ಮೇಲೆ ನಾನು ಸಿಡಿದೆ. "ಬರಲ್ಲ ಅಂತ ಹೇಳೋಕೆ ಏನಾಗಿತ್ತು ನಿಮಗೆ?"

"ಅವನಿಗೆ ಬರಲ್ಲ ಅಂದ್ರೆ ಅಮ್ಮನಿಗೆ ಬೇಡ ಅಂದ ಹಾಗಲ್ವೇನೇ?" ಎಂದು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಅವನ ಹೆಂಡ್ತೀನೂ ಕೆಲ್ಸಕ್ಕೆ ಹೋಗ್ತಾಳೆ, ಬಂದು ಇಡೀ ಮನೆ ನೋಡ್ಕೋತಾಳೆ. ಅವಳಾದ್ರೂ ಎಷ್ಟು ಅಂತ ಮಾಡ್ತಾಳೆ?"

"ನಿಮಗೇನು ಬೇಕು? ಅದನ್ನ ಹೇಳಿ."

ಅಕ್ಕ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, ಕೇಳಬಾರದ್ದೇನನ್ನೋ ಕೇಳುವವರ ಹಾಗೆ ದನಿ ತಗ್ಗಿಸಿ ಹೇಳಿದರು: "ಬೆಳಗ್ಗೆ ಎಚ್ಚರ ಆಗುತ್ತಲ್ಲ, ಆಗ ಮತ್ತೆ ಮಗ್ಗುಲು ತಿರುಗಿ ಮಲಗ್ಬೇಕು ಕಣೇ. ನನ್ನ ರೂಮಲ್ಲಿ. ಒಂದಷ್ಟು ಕಾಲ ಯಾರೂ ಏನೂ ಕೇಳ್ಬಾರ್ದು."

ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಅದನ್ನು ತಮ್ಮನಿಗೆ ಹೇಳಲು ಅವರಿಗೆ ನಾಲಿಗೆ ಏಳುತ್ತಿರಲಿಲ್ಲ. ಗಾಡಿ ಬರುವುದರೊಳಗೆ ಹೇಳದಿದ್ದರೆ ಆ ಕೋಣೆ ಹೋಗುತ್ತದೆ, ಕೋಣೆಯ ಜೊತೆಗೆ ಉಳಿದ ಆಯುಷ್ಯವೂ ಅಮ್ಮನ ಬೆಡ್‌ಪ್ಯಾನು, ತಮ್ಮನ ಮನೆಯ ಬಟ್ಟೆ ಬಕೆಟ್ಟುಗಳ ನಡುವೆ ಕರಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಕಚೇರಿಯ ಕೆಲಸ ದಕಾರದಲ್ಲಿ ಕುಂಟುತ್ತ ಸಾಗಿತ್ತು. ದಡ ಮುಗಿದು, ದಡ್ಡ ಮುಗಿದು, ಅಕ್ಕನ ಪಾಲಿಗೆ ಕೊನೆಯದಾಗಿ ಬಂದ ಪದ ದಣಿವು. ಅದನ್ನು ಹಂಚಿಕೊಟ್ಟವರು ನಮ್ಮ ಸಂಪಾದಕರು. ನಾವು ಅವರನ್ನು ದೊಡ್ಡವರು ಎನ್ನುತ್ತೇವೆ. ಮಾತು ಕಡಿಮೆ, ನಶ್ಯದ ಡಬ್ಬಿ ಜಾಸ್ತಿ. ಅವರ ಮನಸ್ಸಿನಲ್ಲಿ ಯಾವ ಚೇಷ್ಟೆಯೂ ಇರಲಿಲ್ಲ, ವರ್ಣಮಾಲೆಯ ಸರದಿ ಹಾಗೆ ಬಂದಿತ್ತು ಅಷ್ಟೇ. "ಇದು ಸುಲಭದ ಪದ, ಅಮ್ಮ. ಹೋಗೋ ಹೊತ್ತಿಗೆ ಹಗುರವಾಗಿರಲಿ" ಎಂದರು.

ಸುಲಭವೇನೋ ಹೌದು. ಸಂಪುಟ ತೆರೆದಲ್ಲೆಲ್ಲ ದಣಿವು ಸಿಕ್ಕಿತು. ಅಕ್ಕ ಬರೆದು ಕೊಡುವುದು, ನಾನು ಟೈಪ್ ಮಾಡುವುದು. ತೀರ ಹಳೆಯ ಪತ್ರಿಕೆಗಳಲ್ಲಿ ದಣಿವು ದೊಡ್ಡ ಮನುಷ್ಯರದು: "ದೀರ್ಘ ಪ್ರಯಾಣದ ದಣಿವನ್ನೂ ಲೆಕ್ಕಿಸದೆ ಮಾನ್ಯರು ಸಭಿಕರನ್ನುದ್ದೇಶಿಸಿ ಮಾತನಾಡಿದರು." ಮಾನ್ಯರು ಕಾರಿನಲ್ಲಿ ಕೂತು ಬಂದಿದ್ದರು. ಅವರಿಗೆ ಹಾಸಿಗೆ ಹಾಸಿಕೊಟ್ಟವರ, ನೀರು ಕಾಯಿಸಿಕೊಟ್ಟವರ ದಣಿವಿನ ಸುದ್ದಿ ಇಲ್ಲ. ಸ್ವಲ್ಪ ಈಚೆಗೆ ಬಂದರೆ ಟಾನಿಕ್ಕಿನ ಜಾಹೀರಾತುಗಳು. "ದಣಿವೇ? ಇನ್ನು ಚಿಂತೆ ಬಿಡಿ!" ಪಕ್ಕದಲ್ಲಿ ಟೈ ಕಟ್ಟಿಕೊಂಡ ಗಂಡಸು, ಅವನಿಗೆ ಲೋಟ ಹಿಡಿದು ನಿಂತ, ಹಲ್ಲು ಕಾಣುವಂತೆ ನಗುವ ಹೆಂಡತಿ. ಕ್ರೀಡಾ ಪುಟದಲ್ಲಿ "ದಣಿದ ಎದುರಾಳಿ ತಂಡ". ಕಾರ್ಖಾನೆಯ ವರದಿಯಲ್ಲಿ "ಕೆಲಸಗಾರರ ದಣಿವಿನಿಂದ ಉತ್ಪಾದನೆಗೆ ಧಕ್ಕೆ". ಧಕ್ಕೆಯಾದದ್ದು ಉತ್ಪಾದನೆಗೆ, ನೋಡಿ. ಧಾರಾವಾಹಿಗಳಲ್ಲಂತೂ ನಾಯಕಿಯರ ಕಣ್ಣುಗಳೆಲ್ಲ "ದಣಿದ, ಆದರೂ ಚೆಲುವಾದ" ಕಣ್ಣುಗಳೇ. ದಣಿದು ಚೆಲುವಾಗುವುದಾದರೆ ನಮ್ಮ ಕಚೇರಿಯಲ್ಲಿ ಕನ್ನಡಿ ಮುಂದೆ ನೂಕುನುಗ್ಗಲಾಗಬೇಕಿತ್ತು.

ಒಂದು ದಿನ ಅಕ್ಕ ಸ್ಕೇಲಿನಿಂದ ಹಾಳೆಯೆತ್ತಿ ಹಿಡಿದು ನನ್ನನ್ನು ಕರೆದರು. ಯಾವುದೋ ಕಾಲದ ಓದುಗರ ಪತ್ರ. ಗಾಡಿ ನಿಲ್ದಾಣದಲ್ಲಿ ದಣಿದ ಕುದುರೆಗಳಿಗೆ ನೀರಿನ ತೊಟ್ಟಿಯಿಲ್ಲ, ನೆರಳಿಲ್ಲ, ಅಧಿಕಾರಿಗಳು ಕಣ್ಣು ತೆರೆಯಬೇಕು ಎಂದು ಒಬ್ಬರು ಬರೆದಿದ್ದರು.

"ಕುದುರೆಗೂ ಬರ್ದಿದಾರೆ ನೋಡೇ" ಎಂದರು ಅಕ್ಕ.

"ಮೊನ್ನೆ ಮಣ್ಣಿಗೂ ಬರ್ದಿದ್ರಲ್ಲ" ಎಂದೆ. ಕೃಷಿ ಅಂಕಣವೊಂದರಲ್ಲಿ, ದಣಿದ ಭೂಮಿಯನ್ನು ಒಂದು ಬೆಳೆಯ ಕಾಲ ಸುಮ್ಮನೆ ಬಿಡಿ ಎಂಬ ಸಲಹೆ ಸಿಕ್ಕಿತ್ತು.

ಅಕ್ಕ ಆ ಚೀಟಿಯನ್ನು ಬರೆಯದೆ ಪೆನ್ನು ಕೆಳಗಿಟ್ಟರು. "ನಂಗೆ ದಣಿವಾಗಿದೆ ಅಂತ ಯಾರಾದ್ರೂ ತಾವೇ ಬರ್ದಿರೋದು ಸಿಗುತ್ತಾ ಅಂತ ಹುಡುಕ್ತಿದೀನಿ" ಎಂದರು. "ಇಷ್ಟು ದಿನದಲ್ಲಿ ಒಂದೂ ಸಿಕ್ಕಿಲ್ಲ. ಎಲ್ಲಾ ಬೇರೆಯವರ ದಣಿವು."

ಅಲ್ಲಿಂದ ಅದೊಂದು ಗೀಳಾಯಿತು. ಬೇಕಾದ ಆಧಾರಗಳೆಲ್ಲ ಸಿಕ್ಕಿ ಎಷ್ಟೋ ದಿನವಾಗಿದ್ದರೂ ಅಕ್ಕ ಬಿಡಲಿಲ್ಲ. ಮರಣ ವಾರ್ತೆಗಳ ಪುಟಗಳಿಗೆ ಹೋದರು. ಅಲ್ಲಿ ಸಿಕ್ಕಿದ್ದು ಇನ್ನೊಂದೇ ಮುಖ. "ದಣಿವರಿಯದ ಸಮಾಜ ಸೇವಕ", "ದಣಿವರಿಯದ ಗೃಹಿಣಿ", "ದಣಿವೆಂಬುದನ್ನೇ ಅರಿಯದೆ ತುಂಬು ಕುಟುಂಬವನ್ನು ಸಲಹಿದ ಮಾತೆ". ಪುಟ ಮಗುಚಿದಷ್ಟೂ ಅದೇ. ಸತ್ತ ಹೆಂಗಸರಲ್ಲಿ ಒಬ್ಬಳಿಗಾದರೂ ಬದುಕಿದ್ದಾಗ ಸುಸ್ತಾಗಿದ್ದ ದಾಖಲೆಯಿಲ್ಲ. ಹಾಗಾದರೆ ಸತ್ತದ್ದು ಯಾಕೆ ಎಂದು ನಾನು ಕೇಳಿದೆ. ಅಕ್ಕ ಮಣಿಕಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿಕೊಂಡರು.

ಕೊನೆಗೂ ಒಬ್ಬಳು ಸಿಕ್ಕಿದಳು. ಅದು ಮಹಿಳಾ ಮಾಸಪತ್ರಿಕೆಯೊಂದರ ಪ್ರಶ್ನೋತ್ತರ ಅಂಕಣ. ಹೆಸರು ಹಾಕಿರಲಿಲ್ಲ, "ಒಬ್ಬ ಸಹೋದರಿ" ಎಂದಿತ್ತು. ಪ್ರಶ್ನೆ: "ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ನನಗೆ ದಣಿವಾಗಿರುತ್ತದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಏನು ಮಾಡಲಿ?" ಉತ್ತರ: "ಸಹೋದರೀ, ನಾಳೆಯಿಂದ ಅರ್ಧ ಗಂಟೆ ಬೇಗ ಏಳಿರಿ. ಕೆಲಸಗಳು ಬೇಗ ಮುಗಿದು ಮನಸ್ಸು ಉಲ್ಲಾಸವಾಗಿರುತ್ತದೆ."

ಅದನ್ನು ಓದಿ ಅಕ್ಕನಿಗೆ ನಗು ಬಂತು. ಎಂಥ ನಗು ಅಂದರೆ, ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದಿಟ್ಟು, ಮೇಜು ಬಡಿದು. ನಾನೂ ಬಿದ್ದು ಬಿದ್ದು ನಕ್ಕೆ. ನೋಡನೋಡುತ್ತಿದ್ದಂತೆ ಅವರ ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಆ ಹೆಂಗಸು ಮಾರನೆಯ ಬೆಳಗ್ಗೆ ಬೇಗ ಎದ್ದಿರುತ್ತಾಳೆ ಕಣೇ, ಖಂಡಿತ ಎದ್ದಿರುತ್ತಾಳೆ ಎಂದು ಒಂದೇ ಸಮನೆ ಹೇಳಿದರು.

ಆ ಚೀಟಿಯನ್ನು ಹಿಡಿದು ದೊಡ್ಡವರ ಬಳಿಗೆ ಹೋದರು. ದಣಿದವರು ತಮ್ಮ ಬಾಯಿಂದಲೇ ಹೇಳಿಕೊಳ್ಳುವ ದಣಿವು ಎಂದು ಒಂದು ಅರ್ಥವನ್ನು ಬೇರೆಯಾಗಿ ಕೊಡಬಹುದೇ ಎಂದು ಕೇಳಿದರು. ದೊಡ್ಡವರು ಚೀಟಿಯನ್ನು ಎರಡು ಸಲ ಓದಿ, ನಶ್ಯದ ಡಬ್ಬಿ ಮುಚ್ಚಿಟ್ಟರು. "ಒಂದೇ ಆಧಾರ ಇದೆ. ಇನ್ನೂ ಎರಡು ಬೇಕು. ಮೂರು ಸಿಕ್ಕರೂ ಇದು ಬೇರೆ ಅರ್ಥ ಆಗಲ್ಲ, ಅಮ್ಮ. ಯಾರು ಹೇಳಿದರೂ ದಣಿವು ದಣಿವೇ" ಎಂದರು. ಅವರು ಹೇಳಿದ್ದು ಸರಿಯೇ. ಅಕ್ಕನೂ ಒಪ್ಪಿಕೊಂಡು ಬಂದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು, ಯಾರ ಮೇಲೆಂದು ಕೇಳಿದರೆ ಹೇಳಲಾರೆ.

ಬೀಳ್ಕೊಡುಗೆಯ ದಿನ ಹತ್ತಿರವಾಯಿತು. ದೊಡ್ಡವರು ಖುದ್ದು ಮಾನಪತ್ರ ಬರೆದರು. ನಮ್ಮಲ್ಲಿ ಏನೇ ಅಚ್ಚಿಗೆ ಹೋದರೂ ಕೊನೆಯ ಕರಡನ್ನು ಅಕ್ಕನೇ ನೋಡಬೇಕು, ಅದು ಎಷ್ಟು ರೂಢಿಯೆಂದರೆ ಅವರ ಮಾನಪತ್ರದ ಕರಡನ್ನೂ ಅಟೆಂಡರು ಕಣ್ಣು ಮುಚ್ಚಿಕೊಂಡು ಅವರ ಮೇಜಿನ ಮೇಲೆ ಇಟ್ಟುಹೋದ. ಅಕ್ಕನೂ ಕೆಂಪು ಪೆನ್ಸಿಲು ತೆಗೆದುಕೊಂಡು ಎರಡು ಕಡೆ ತಿದ್ದಿದರು. ನಾನು ಇಣುಕಿ ನೋಡಿದೆ. ಮೂರನೆಯ ಸಾಲಿನಲ್ಲಿ ಕಣ್ಣಿಗೆ ರಾಚುವಂತೆ ಇತ್ತು: "ದಣಿವರಿಯದ ದುಡಿಮೆಗೆ ಇನ್ನೊಂದು ಹೆಸರಾದ ತಾವು..."

ದಣಿವಿನ ಚೀಟಿಗಳನ್ನು ತಿಂಗಳಾನುಗಟ್ಟಲೆ ಓದಿ ಸಹಿ ಹಾಕಿದ ಮನುಷ್ಯ ಇದನ್ನು ಬರೆದಿದ್ದರು! ಯಾರಿಗೂ ಏನೂ ಅನ್ನಿಸಿರಲಿಲ್ಲ.

"ಇದನ್ನ ಹೊಡೆದು ಹಾಕಿ" ಎಂದೆ.

"ಯಾಕೆ? ಬಳಕೆಯಲ್ಲಿದೆ" ಎಂದರು ಅಕ್ಕ. "ಆಧಾರ ಬೇಕಾದಷ್ಟಿದೆ. ನಾನೇ ಬರ್ದಿದೀನಲ್ಲ." ಕರಡಿನ ಕೆಳಗೆ ಸಹಿ ಹಾಕಿ ಅಟೆಂಡರನನ್ನು ಕೂಗಿದರು.

ಬೀಳ್ಕೊಡುಗೆಗೆ ಚಹಾ, ಬಿಸ್ಕತ್ತು, ನಾಲ್ಕು ಭಾಷಣ. ಎಲ್ಲರೂ ಸೇರಿ ಒಂದು ಆರಾಮ ಕುರ್ಚಿ ಕೊಟ್ಟೆವು, ಬೆತ್ತದ್ದು, ಕಾಲು ಚಾಚಲು ಮುಂದೆ ಹಲಗೆಯಿರುವಂಥದ್ದು. ಅಕ್ಕ ಅದರಲ್ಲಿ ಕೂರಲೇ ಇಲ್ಲ, ಹಿಡಿಯನ್ನು ಸವರಿ ನೋಡಿ "ಚೆನ್ನಾಗಿದೆ" ಎಂದರು. ತಮ್ಮ ಗಾಡಿ ತಂದಿದ್ದ. ಭಾಷಣ ಮುಗಿಯುತ್ತಲೇ ಕುರ್ಚಿಯನ್ನು ಗಾಡಿಗೆ ಹಾಕಿಸಿದ.

"ಇವತ್ತು ಕುರ್ಚಿ, ನಾಳೆ ಬೆಳಗ್ಗೆ ರೂಮಿನ ಸಾಮಾನು" ಎಂದ ಖುಷಿಯಾಗಿ. "ಈಗ್ಲೇ ಮನೆಗೆ ಬಾ ಅಕ್ಕ. ಮಾನಪತ್ರ ಅಮ್ಮನಿಗೆ ಓದಿ ಹೇಳೋಣ."

ಅಕ್ಕ ನನ್ನ ಕಡೆ ನೋಡಿದರು. ನನ್ನನ್ನು ಯಾರೂ ಕರೆದಿರಲಿಲ್ಲ. ಕುರ್ಚಿ ಅಲುಗಾಡದಂತೆ ಹಿಡಿದುಕೊಳ್ಳುತ್ತೇನೆ ಎಂದು ನೆಪ ಹೇಳಿ ಹತ್ತಿ ಕೂತೆ. ದಾರಿಯಲ್ಲಿ, ಹೇಳ್ತೀರಾ ಎಂದು ಕಣ್ಣಲ್ಲೇ ಕೇಳಿದೆ, ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ತಮ್ಮನ ಮನೆಯಲ್ಲಿ ಅಮ್ಮನ ಮಂಚ ನಡುಮನೆಯ ಗೋಡೆಗೆ ತಾಗಿ ಇದೆ. ಹಣ್ಣಾದ ಜೀವ, ಕೂದಲು ಹತ್ತಿಯಂತೆ, ಕಣ್ಣು ಮಾತ್ರ ಚುರುಕು. ತಮ್ಮನ ಹೆಂಡತಿ ಆಗತಾನೆ ಕೆಲಸದಿಂದ ಬಂದು, ಇನ್ನೂ ಬ್ಯಾಗು ಹೆಗಲಿನಿಂದ ಇಳಿಸದೆ ಒಲೆ ಹಚ್ಚುತ್ತಿದ್ದಳು. "ಬನ್ನಿ ಅತ್ತಿಗೆ" ಎಂದಳು, ನಿಜವಾದ ಪ್ರೀತಿಯಿಂದಲೇ. ಇನ್ನು ಮೇಲೆ ಉಸಿರಾಡಬಹುದು ಎಂಬ ಆಸೆ ಅವಳ ಮುಖದಲ್ಲಿ ಕಂಡಿತು. ನನಗೆ ಅವಳ ಮೇಲೆ ಕೋಪ ಮಾಡಿಕೊಳ್ಳಲಾಗಲಿಲ್ಲ.

ತಮ್ಮ ಮಂಚದ ಪಕ್ಕ ನಿಂತು ಮಾನಪತ್ರವನ್ನು ದೊಡ್ಡ ದನಿಯಲ್ಲಿ ಓದಿದ. ಮೂರನೆಯ ಸಾಲು ಬಂತು. ಅಮ್ಮ ಕೈಯೆತ್ತಿ ತಡೆದರು.

"ಯಾರಿಗೋ ದಣಿವಿಲ್ಲ?"

"ಅಕ್ಕನಿಗಮ್ಮ. ಹೊಗಳಿದಾರೆ. ದಣಿವೇ ಗೊತ್ತಿಲ್ಲ ಅಂತ."

"ಯಾವ ಪುಣ್ಯಾತ್ಮ ಬರ್ದಿದ್ದು?" ಎಂದರು ಅಮ್ಮ. "ಇವಳು ನಂಗೆ ಸ್ನಾನ ಮಾಡಿಸ್ತಾ ನಿಂತಲ್ಲೇ ತೂಕಡಿಸ್ತಾಳೆ. ಹೋದ ಶನಿವಾರ ಚೊಂಬು ಕೈ ಜಾರಿ ನನ್ನ ಕಾಲ ಮೇಲೆ ಬಿತ್ತು. ನೋಡಿಲ್ಲಿ." ಹೊದಿಕೆ ಸರಿಸಿದರು. ಪಾದದ ಮೇಲೆ ನೀಲಿಗಟ್ಟಿದ ಗಾಯವಿತ್ತು.

ಅಕ್ಕ ಬಗ್ಗಿ ಆ ಪಾದವನ್ನು ಮುಟ್ಟಿದರು. "ಯಾಕಮ್ಮ ಹೇಳ್ಲಿಲ್ಲ? ನಂಗೆ ಗೊತ್ತೇ ಆಗ್ಲಿಲ್ಲ."

"ಹೇಳಿದ್ರೆ ನೀನು ಬರೋದು ಬಿಟ್ಬಿಡ್ತೀಯೇನೋ ಅಂತ ಭಯ ಆಯ್ತು. ನಾನೂ ಸ್ವಾರ್ಥಿ ಕಣೇ." ಅಮ್ಮ ಹೊದಿಕೆಯನ್ನು ಎಳೆದುಕೊಳ್ಳಲು ಹೆಣಗಿದರು, ಅಕ್ಕ ಹೊದಿಸಿದರು. "ನಿಂಗೆ ದಣಿವಾಗಿದೆ. ಈಗಿಂದಲ್ಲ, ಬಹಳ ಕಾಲದಿಂದ. ಹೆತ್ತವಳಿಗೆ ಗೊತ್ತಾಗಲ್ವಾ? ನಿನ್ನ ರೂಮಿಗೆ ಹೋಗಿ ಮಲ್ಕೋ. ನಂಗೋಸ್ಕರ ಬರ್ಬೇಡ. ಬಂದ್ರೂ ನನ್ನ ಪಕ್ಕ ಸುಮ್ನೆ ಕೂತು ಹೋಗೋಕೆ ಬಾ."

ತಮ್ಮ ಮಾನಪತ್ರವನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. "ಅಮ್ಮಾ, ನಾಳೆ ಗಾಡಿಗೆ ಹೇಳಿದೀನಿ. ಇವಳು ಬರದೆ ಇದ್ರೆ ನಿನ್ನ ಕೆಲ್ಸ ಯಾರು ಮಾಡ್ತಾರೆ?"

"ನೀನು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಮ್ಮನ ಹೆಂಡತಿ ಬಾಗಿಲಿಗೆ ಬಂದು ನಿಂತಳು, ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ನಾನಾ? ನಂಗೇನಮ್ಮ ಬರುತ್ತೆ ಅದೆಲ್ಲ?"

"ಇವಳಿಗೂ ಬರ್ತಿರ್ಲಿಲ್ಲ. ಕಲಿತ್ಲು. ನಿಂಗೂ ಎರಡು ಕೈ ಇದೆಯಲ್ಲ, ನಾನೇ ಕೊಟ್ಟಿದ್ದು. ಶುರು ಮಾಡು, ಮೈ ಒರೆಸೋ ಹೊತ್ತಾಯ್ತು."

ತಮ್ಮ ಅಕ್ಕನ ಮುಖ ನೋಡಿದ. ಅಭ್ಯಾಸಬಲದಿಂದ ಅಕ್ಕ ಆಗಲೇ ಅರ್ಧ ಎದ್ದಿದ್ದರು. ಅವರ ಕೈ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಮುಗಿಯಿತು, ನಾಳೆ ಸಾಮಾನೂ ಬರುತ್ತದೆ, ಅಮ್ಮ ಹೇಳಿದ್ದು ಒಂದು ಮಾತಾಗಿ ಉಳಿಯುತ್ತದೆ. ಅಕ್ಕ ಅಲ್ಲೇ ತಡೆದು ನಿಂತರು. ಸೆರಗನ್ನು ಬಿಡಿಸಿಕೊಂಡರು. ಹೊಸ ಕುರ್ಚಿಯನ್ನು ಬಾಗಿಲ ಬಳಿ ಇಳಿಸಿದ್ದೆವು, ಅದರ ಹಗ್ಗವನ್ನೂ ಬಿಚ್ಚಿರಲಿಲ್ಲ, ಹಗ್ಗದ ಮೇಲೆಯೇ ಕೂತುಬಿಟ್ಟರು.

ತಮ್ಮ ಮಾನಪತ್ರವನ್ನು ಟೀವಿಯ ಮೇಲಿಟ್ಟು, ಅಂಗಿಯ ತೋಳು ಮಡಚಿ, ಬಚ್ಚಲ ಕಡೆ ಹೋದ. ಅಲ್ಲಿ ಏನೇನೋ ಸರಿಸಿದ, ಯಾವುದೋ ಡಬ್ಬ ಬಿದ್ದು ಉರುಳಿತು. ಅವನ ದನಿ ಬಂತು.

"ಅಕ್ಕಾ, ಬೇಸಿನ್ ಎಲ್ಲಿದೆ?"

ಆ ಮನೆ ಕಟ್ಟಿಸಿದವನು ಅವನು. ಅಮ್ಮ ಮಗಳನ್ನೇ ನೋಡುತ್ತಿದ್ದರು. ಅಕ್ಕ ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಒರಗಿಸಿದರು.

"ನಂಗೆ ದಣಿವಾಗಿದೆ ಕಣೋ" ಎಂದರು. "ನೀನೇ ಹುಡ್ಕೋ."